ಹಳೆಯ ಪಿಸಿ ಹಟ ಹಿಡಿದಾಗ: ಪ್ರೊಸೆಸರ್ ಯಾವ ಮೋಡ್‌ನಲ್ಲಿದೆ ಎಂದು ಮೊದಲು ನೋಡಿ

ಒಂದು 486 ಯಂತ್ರ, ಎಂಟು ಎಂಬಿ ಮೆಮೊರಿ, ಎಂಎಸ್-ಡಾಸ್ 6.22. ಒಂದು ಪ್ರೋಗ್ರಾಂ ಇಎಂಎಸ್ ಮೆಮೊರಿ (ಹೆಚ್ಚುವರಿ ಮೆಮೊರಿಯನ್ನು ಮೊದಲ 1 ಎಂಬಿಯೊಳಗಿನ ಕಿಟಕಿಯಲ್ಲಿ ತುಂಡು ತುಂಡಾಗಿ ತೋರಿಸುವ ಪದ್ಧತಿ) ಇಲ್ಲವೆಂದು ಗೊಣಗಿ ನಿಲ್ಲುತ್ತದೆ. ಅದಕ್ಕೆಂದು ಇಎಂಎಂ386 ಎಂಬ ಮೆಮೊರಿ ಡ್ರೈವರ್ ಹಾಕಿದರೆ ಓಡುತ್ತದೆ. ಆದರೆ ನಿನ್ನೆಯವರೆಗೆ ನೆಟ್ಟಗಿದ್ದ ಇನ್ನೊಂದು ಪ್ರೋಗ್ರಾಂ ಈಗ ಪರದೆಯನ್ನು ಕಪ್ಪಾಗಿಸಿ ಕೂತುಬಿಡುತ್ತದೆ. ಇಂಥ ಹೊತ್ತಿನಲ್ಲಿ ರ‍್ಯಾಮ್ ಕಿತ್ತು ಮತ್ತೆ ಕೂರಿಸುವವರು, ಸೌಂಡ್ ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕುವವರು, ಡಾಸ್ ಅನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡುವವರು ಬೇಕಾದಷ್ಟು ಜನ. ಯಂತ್ರದಲ್ಲಿ ಏನೂ ಕೆಟ್ಟಿರುವುದಿಲ್ಲ. ಇಎಂಎಂ386 ಬಂದ ಕ್ಷಣದಿಂದ ಪ್ರೊಸೆಸರ್ ಬೇರೆ ಮೋಡ್‌ನಲ್ಲಿದೆ, ಅಷ್ಟೇ.

286ರಿಂದ ಪೆಂಟಿಯಂವರೆಗಿನ ಡಾಸ್ ಯಂತ್ರಗಳೇ ಈ ಲೇಖನದ ಮುಖ್ಯ ವಿಷಯ. ಕೊನೆಯಲ್ಲಿ 32 ಮತ್ತು 64 ಬಿಟ್ ನಡುವಿನ ತಕರಾರನ್ನೂ ನೋಡೋಣ. ಆಜ್ಞೆಗಳನ್ನೆಲ್ಲ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಕೀಬೋರ್ಡ್‌ನಲ್ಲಿ ಒತ್ತುವಾಗ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು.

ಮೋಡ್ ಎಂದರೆ ಇಲ್ಲಿ ಏನು

1978ರ 8086 ಪ್ರೊಸೆಸರ್‌ಗೆ ಗೊತ್ತಿದ್ದದ್ದು ಒಂದೇ ದಾರಿ. ಸೆಗ್ಮೆಂಟ್ ಸಂಖ್ಯೆಯನ್ನು 16ರಿಂದ ಗುಣಿಸಿ, ಆಫ್‌ಸೆಟ್ ಕೂಡಿಸಿದರೆ ಮೆಮೊರಿಯ ವಿಳಾಸ ಸಿಕ್ಕಿತು. ವಿಳಾಸದ ಗೆರೆಗಳು 20, ಹಾಗಾಗಿ ಒಟ್ಟು 1 ಎಂಬಿ. ಯಾರು ಎಲ್ಲಿ ಬೇಕಾದರೂ ಬರೆಯಬಹುದು, ಕೇಳುವವರಿಲ್ಲ. ಇದಕ್ಕೆ ರಿಯಲ್ ಮೋಡ್ ಎಂಬ ಹೆಸರು ಬಂದದ್ದು ಆಮೇಲೆ, 1982ರ 286ರಲ್ಲಿ ಪ್ರೊಟೆಕ್ಟೆಡ್ ಮೋಡ್ ಬಂದಾಗ. ಅದರಲ್ಲಿ ಸೆಗ್ಮೆಂಟ್ ಎಂಬುದು ವಿಳಾಸದ ಭಾಗವಲ್ಲ, ಒಂದು ಪಟ್ಟಿಯೊಳಗಿನ ಸಾಲಿನ ಗುರುತು. ಆ ಸಾಲಿನಲ್ಲಿ ಮೆಮೊರಿ ಎಲ್ಲಿಂದ ಶುರು, ಎಷ್ಟು ಉದ್ದ, ಯಾರಿಗೆ ಹಕ್ಕು ಎಂದು ಬರೆದಿರುತ್ತದೆ. ಹಕ್ಕು ಮೀರಿದರೆ ಪ್ರೊಸೆಸರ್ ತಾನೇ ತಡೆಯುತ್ತದೆ.

1985ರ 386 ಮೂರನೆಯದೊಂದನ್ನು ತಂದಿತು: ವರ್ಚುವಲ್ 8086, ರೂಢಿಯಲ್ಲಿ ವಿ86. ಮೇಲ್ವಿಚಾರಣೆಯ ಪ್ರೋಗ್ರಾಂ ಪ್ರೊಟೆಕ್ಟೆಡ್ ಮೋಡ್‌ನಲ್ಲಿ ಕೂತಿರುತ್ತದೆ. ಅದರ ಕೈಕೆಳಗೆ ಡಾಸ್ ಓಡುತ್ತದೆ, ತಾನು 8086ರ ಮೇಲಿದ್ದೇನೆ ಎಂದುಕೊಂಡು. ಇಎಂಎಂ386 ಆ ಮೇಲ್ವಿಚಾರಕ. ಅಂದರೆ ಬೂಟ್ ಆಗುವಾಗ ಡಾಸ್ ಓದುವ ಕಾನ್ಫಿಗ್.ಸಿಸ್ ಫೈಲಿನಲ್ಲಿ ಅದರ ಸಾಲು ಇದ್ದರೆ, ನೀವು ಸಿ ಪ್ರಾಂಪ್ಟ್ ನೋಡುವ ಹೊತ್ತಿಗೆ ಯಂತ್ರ ರಿಯಲ್ ಮೋಡ್‌ನಲ್ಲಿ ಇರುವುದೇ ಇಲ್ಲ. ಅರ್ಧಕ್ಕರ್ಧ ಗೊಂದಲಕ್ಕೆ ಮೂಲ ಇದು.

ಮೊದಲ ಪರೀಕ್ಷೆ: ಎಫ್5

ಬೇರೇನನ್ನೂ ಮುಟ್ಟುವ ಮೊದಲು ಇದನ್ನು ಮಾಡಿ.

1. ಯಂತ್ರ ಆನ್ ಮಾಡಿ. ‘ಸ್ಟಾರ್ಟಿಂಗ್ ಎಂಎಸ್-ಡಾಸ್’ ಎಂಬ ಸಾಲು ಕಂಡ ತಕ್ಷಣ ಎಫ್5 ಒತ್ತಿ. ಕಾನ್ಫಿಗ್.ಸಿಸ್, ಆಟೋಎಕ್ಸೆಕ್.ಬ್ಯಾಟ್ ಎರಡನ್ನೂ ಡಾಸ್ ಬಿಟ್ಟುಬಿಡುತ್ತದೆ. ಈಗ ಇರುವುದು ಅಪ್ಪಟ ರಿಯಲ್ ಮೋಡ್. ಈ ಸೌಲಭ್ಯ ಡಾಸ್ 6ರಿಂದ ಈಚೆಗೆ ಮಾತ್ರ. ಡಾಸ್ 5 ಆದರೆ ಬರೀ ಸಿಸ್ಟಂ ಫೈಲುಗಳಿರುವ ಫ್ಲಾಪಿಯಿಂದ ಬೂಟ್ ಮಾಡಿ.
2. ತಕರಾರು ಮಾಡುವ ಪ್ರೋಗ್ರಾಂ ಓಡಿಸಿ. ಈಗ ಓಡಿದರೆ ಹಾರ್ಡ್‌ವೇರ್ ಮೇಲಿನ ಸಂಶಯ ಬಿಡಿ. ‘ಮೆಮೊರಿ ಸಾಲದು’ ಎಂದು ನಿಂತರೂ ಅದು ಒಳ್ಳೆಯ ಸುಳಿವೇ: ಹ್ಯಾಂಗ್ ಆಗುವುದಕ್ಕೂ ಮೆಮೊರಿ ಕೇಳುವುದಕ್ಕೂ ವ್ಯತ್ಯಾಸವಿದೆ.
3. ಮತ್ತೆ ಬೂಟ್ ಮಾಡಿ, ಈ ಸಲ ಎಫ್8. ಕಾನ್ಫಿಗ್.ಸಿಸ್‌ನ ಪ್ರತಿ ಸಾಲಿಗೂ ಹೌದೋ ಅಲ್ಲವೋ ಎಂದು ಕೇಳುತ್ತದೆ. 1 ಎಂಬಿಯಿಂದ ಮೇಲಿನ ಮೆಮೊರಿಯನ್ನು ನೋಡಿಕೊಳ್ಳುವ ಡ್ರೈವರ್ ಹೈಮೆಮ್.ಸಿಸ್‌ಗೆ ಮಾತ್ರ ಹೌದು ಎನ್ನಿ, ಪರೀಕ್ಷಿಸಿ. ಮುಂದಿನ ಸಲ ಇಎಂಎಂ386ಕ್ಕೂ ಹೌದು ಎನ್ನಿ. ತಕರಾರು ಯಾವ ಸಾಲಿನಲ್ಲಿ ಹುಟ್ಟಿತು ಎಂಬುದು ಎರಡು ಮೂರು ಬೂಟ್‌ನಲ್ಲೇ ಗೊತ್ತಾಗುತ್ತದೆ.
4. ಪ್ರಾಂಪ್ಟ್‌ನಲ್ಲಿ ಬರಿದೇ ಇಎಂಎಂ386 ಎಂದು ಒತ್ತಿದರೆ ಅದು ಆಕ್ಟಿವ್ ಆಗಿದೆಯೇ ಎಂದು ಹೇಳುತ್ತದೆ. ‘ಇಎಂಎಂ386 ಆಫ್’ ಎಂದು ನಿಲ್ಲಿಸಲೂಬಹುದು, ಆದರೆ ಅದು ಯುಎಂಬಿ (640 ಕೆಬಿಯಿಂದ 1 ಎಂಬಿ ನಡುವಿನ ಖಾಲಿ ಜಾಗದ ಮೆಮೊರಿ) ಕೊಡುತ್ತಿದ್ದರೆ ಅಥವಾ ಯಾರಾದರೂ ಇಎಂಎಸ್ ಹಿಡಿದುಕೊಂಡಿದ್ದರೆ ಒಪ್ಪುವುದಿಲ್ಲ.

‘ಮೆಮ್ /ಸಿ /ಪಿ’ ಆಜ್ಞೆಯ ಫಲಿತಾಂಶವನ್ನು ಪ್ರತಿ ಹಂತದಲ್ಲೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದರಲ್ಲಿ ಮುಖ್ಯವಾದ ಸಂಖ್ಯೆ ಒಂದೇ: ಓಡಿಸಬಹುದಾದ ಅತಿ ದೊಡ್ಡ ಪ್ರೋಗ್ರಾಮಿನ ಗಾತ್ರ.

ಎ20 ಎಂಬ ಇಪ್ಪತ್ತೊಂದನೆಯ ಗೆರೆ

ಹೈಮೆಮ್ ಹಂತದಲ್ಲೇ ತಕರಾರು ಕಂಡರೆ ಕಾರಣ ಬಹುಪಾಲು ಎ20. ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಸೆಗ್ಮೆಂಟ್ ಎಫ್‌ಎಫ್‌ಎಫ್‌ಎಫ್, ಆಫ್‌ಸೆಟ್ 0010 ಎಂದುಕೊಳ್ಳಿ. ಸೆಗ್ಮೆಂಟನ್ನು ಹದಿನಾರರಿಂದ ಗುಣಿಸಿದರೆ ಎಫ್‌ಎಫ್‌ಎಫ್‌ಎಫ್0, ಅದಕ್ಕೆ 10 ಕೂಡಿಸಿದರೆ 100000. ಇದು ಸರಿಯಾಗಿ ಒಂದು ಎಂಬಿ ಮೇಲಿನ ವಿಳಾಸ, ಬರೆಯಲು 21 ಬಿಟ್ ಬೇಕು. 8086ರಲ್ಲಿ ಇದ್ದದ್ದು ಎ0ಯಿಂದ ಎ19ರವರೆಗೆ ಇಪ್ಪತ್ತೇ ಗೆರೆ. ಮೇಲಿನ ಬಿಟ್ ಉದುರಿಹೋಗಿ ವಿಳಾಸ ಮತ್ತೆ ಸೊನ್ನೆಗೆ ಸುತ್ತಿಕೊಳ್ಳುತ್ತಿತ್ತು. ಕೆಲವು ಪ್ರೋಗ್ರಾಂಗಳು ಈ ಸುತ್ತನ್ನೇ ನೆಚ್ಚಿಕೊಂಡವು.

286ಕ್ಕೆ ಇಪ್ಪತ್ತನಾಲ್ಕು ಗೆರೆ. ಸುತ್ತು ತಪ್ಪಿತು, ಆ ಪ್ರೋಗ್ರಾಂಗಳು ಮುರಿದವು. ಅದಕ್ಕೇ 1984ರ ಐಬಿಎಂ ಪಿಸಿ ಎಟಿಯಲ್ಲಿ ಎ20 ಗೆರೆಗೆ ಒಂದು ಗೇಟ್ ಇಟ್ಟರು. ಅದರ ಸ್ವಿಚ್ಚನ್ನು ಕೊಟ್ಟದ್ದು ಯಾರ ಕೈಗೆ? ಕೀಬೋರ್ಡ್ ಕಂಟ್ರೋಲರ್ 8042ರ ಕೈಗೆ, ಅಲ್ಲೊಂದು ಪಿನ್ ಖಾಲಿ ಇತ್ತು ಎಂಬ ಕಾರಣಕ್ಕೆ. ಮೆಮೊರಿಯ ಬಾಗಿಲಿನ ಬೀಗದ ಕೈ ಕೀಬೋರ್ಡ್ ಚಿಪ್‌ನಲ್ಲಿ! ಈ ವಿಚಿತ್ರವನ್ನು ಪಿಸಿ ಜಗತ್ತು ದಶಕಗಳ ಕಾಲ ಹೊತ್ತು ತಿರುಗಿತು.

ಗೇಟ್ ತೆರೆದಾಗ ರಿಯಲ್ ಮೋಡ್‌ನಲ್ಲೇ 1 ಎಂಬಿಯ ಮೇಲೆ 65,520 ಬೈಟ್ ಹೆಚ್ಚಿಗೆ ಸಿಗುತ್ತದೆ. ಇದೇ ಎಚ್‌ಎಂಎ; ‘ಡಾಸ್=ಹೈ’ ಎಂದರೆ ಡಾಸ್ ತನ್ನ ಬಹುಭಾಗವನ್ನು ಅಲ್ಲಿಗೆ ಸಾಗಿಸುತ್ತದೆ. ತಕರಾರು ಎರಡು ರೀತಿ ಬರುತ್ತದೆ.

ಒಂದು: ಬೂಟ್ ಆಗುವಾಗಲೇ ಎ20 ಗೆರೆಯನ್ನು ನಿಯಂತ್ರಿಸಲಾಗುತ್ತಿಲ್ಲ ಎಂದು ಹೈಮೆಮ್ ದೂರುತ್ತದೆ. ನಿಮ್ಮ ಬೋರ್ಡ್‌ನಲ್ಲಿ ಗೇಟ್ ತೆರೆಯುವ ವಿಧಾನ ಅದಕ್ಕೆ ತಿಳಿದಿಲ್ಲ ಎಂದರ್ಥ. ಸಾಲಿನ ಕೊನೆಗೆ ‘/ಮಷೀನ್:1’ ಸೇರಿಸಿ ನೋಡಿ, ಇದು ಎಟಿ ವಿಧಾನ. ಬರದಿದ್ದರೆ 11, 12, 13 ಪ್ರಯತ್ನಿಸಿ. ಇವೂ ಎಟಿ ಬಗೆಯವೇ, ಚಿಪ್ ಉತ್ತರಿಸಲು ಕೊಡುವ ಸಮಯ ಬೇರೆ ಬೇರೆ. ಪಿಎಸ್/2 ಯಂತ್ರಕ್ಕೆ 2. ಬಯಾಸ್ ಸೆಟಪ್‌ನಲ್ಲಿ ‘ಗೇಟ್ ಎ20’ ಎಂಬ ಆಯ್ಕೆ ಇದ್ದರೆ ನಾರ್ಮಲ್ ಮತ್ತು ಫಾಸ್ಟ್ ಎರಡನ್ನೂ ಪರೀಕ್ಷಿಸಿ. ಫಾಸ್ಟ್ ಎಂದರೆ ಕೀಬೋರ್ಡ್ ಚಿಪ್ಪನ್ನು ಬಳಸಿಕೊಳ್ಳದೆ ಬೇರೆ ಸರ್ಕ್ಯೂಟ್‌ನಿಂದ, ಹಲವು ಬೋರ್ಡ್‌ಗಳಲ್ಲಿ 92ನೇ ಪೋರ್ಟ್ ಮೂಲಕ, ತೆರೆಯುವುದು.

ಎರಡು: ಪ್ರೋಗ್ರಾಂ ಶುರುವಾಗುವಾಗ ‘ಪ್ಯಾಕ್ಡ್ ಫೈಲ್ ಈಸ್ ಕರಪ್ಟ್’ ಎಂಬ ಸಂದೇಶ. ಫೈಲ್ ಕೆಟ್ಟಿಲ್ಲ, ಹೊಸ ಫ್ಲಾಪಿ ಹುಡುಕಬೇಡಿ. ಎಕ್ಸೆಪ್ಯಾಕ್ ಎಂಬ ಸಾಧನದಿಂದ ಕುಗ್ಗಿಸಿದ ಪ್ರೋಗ್ರಾಂಗಳಲ್ಲಿ, ತನ್ನನ್ನು ತಾನು ಬಿಚ್ಚಿಕೊಳ್ಳುವ ಪುಟ್ಟ ಭಾಗ ಹಳೆಯ ಸುತ್ತನ್ನು ನೆಚ್ಚಿದೆ. ಪ್ರೋಗ್ರಾಂ ಮೊದಲ 64 ಕೆಬಿಯೊಳಗೆ ಲೋಡ್ ಆದರೆ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗುತ್ತದೆ; ಎ20 ತೆರೆದಿರುವುದರಿಂದ ಸುತ್ತಿಕೊಳ್ಳುವ ಬದಲು ಎಚ್‌ಎಂಎ ಒಳಗೆ ಬೀಳುತ್ತದೆ. ಡಾಸ್ ಮೇಲಕ್ಕೆ ಹೋಗಿ ಕೆಳಗೆ ಜಾಗ ಬಿಟ್ಟುಕೊಟ್ಟದ್ದೇ ಇಲ್ಲಿ ಮುಳುವು. ಪ್ರೋಗ್ರಾಮಿನ ಹೆಸರಿಗಿಂತ ಮೊದಲು ‘ಲೋಡ್‌ಫಿಕ್ಸ್’ ಸೇರಿಸಿ ಓಡಿಸಿ. ಡಾಸ್ 5ರಿಂದ ಇರುವ ಈ ಆಜ್ಞೆ ಪ್ರೋಗ್ರಾಮನ್ನು 64 ಕೆಬಿಯಿಂದ ಮೇಲೆ ಲೋಡ್ ಮಾಡುತ್ತದೆ. ಮೆಮೊರಿ ಹೆಚ್ಚು ಖಾಲಿ ಇದ್ದಷ್ಟೂ ಬರುವ ದೋಷ ಇದೊಂದೇ ಇರಬೇಕು.

386ರ ಸಾಕೆಟ್ಟಿಗೆ ಸೈರಿಕ್ಸ್ 486ಡಿಎಲ್‌ಸಿ ಹಾಕಿದ ಬೋರ್ಡ್‌ಗಳಲ್ಲಿ ಎ20 ತಕರಾರು ಬೇರೆ ವೇಷದಲ್ಲಿ ಬರುತ್ತದೆ. ಆ ಚಿಪ್ಪಿನೊಳಗೆ 1 ಕೆಬಿ ಕ್ಯಾಶೆ ಇದೆ. ಹಳೆಯ ಬೋರ್ಡಿಗೆ ಅದರ ಅರಿವಿಲ್ಲ. ಗೇಟ್ ಮುಚ್ಚಿ ತೆರೆದದ್ದು, ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ನೇರ ಮೆಮೊರಿಗೆ ದತ್ತಾಂಶ ಸಾಗಿಸುವ ಏರ್ಪಾಡು) ಮೂಲಕ ಫ್ಲಾಪಿಯಿಂದ ಮೆಮೊರಿಗೆ ಹೊಸ ದತ್ತಾಂಶ ಬಂದದ್ದು ಕ್ಯಾಶೆಗೆ ತಿಳಿಯದಿದ್ದರೆ ಅದು ಹಳಸಿದ ಬೈಟ್‌ಗಳನ್ನೇ ಬಡಿಸುತ್ತದೆ. ಕ್ಯಾಶೆ ಆಫ್ ಮಾಡಿದಾಗ ಸರಿ, ಆನ್ ಮಾಡಿದಾಗ ಫ್ಲಾಪಿ ಓದುವುದರಲ್ಲಿ ತಪ್ಪು ಎಂದಾದರೆ ಇದೇ ಕಾರಣ. ಚಿಪ್ ಜೊತೆ ಬರುವ ಯುಟಿಲಿಟಿಯಲ್ಲಿ ಪ್ರತಿ ಎಂಬಿಯ ಮೊದಲ 64 ಕೆಬಿಯನ್ನು ಕ್ಯಾಶೆಯಿಂದ ಹೊರಗಿಡುವ ಮತ್ತು ಬಸ್ ಹೋಲ್ಡ್ ಬಂದಾಗಲೆಲ್ಲ ಕ್ಯಾಶೆ ಖಾಲಿ ಮಾಡುವ ಆಯ್ಕೆಗಳನ್ನು ಹಚ್ಚಿ.

ಇಎಂಎಂ386: ಒಂದೇ ಒರೆ, ಎರಡು ಕತ್ತಿ

ಹೈಮೆಮ್ ಸರಿಯಿದ್ದು ಇಎಂಎಂ386 ಬಂದ ಮೇಲೆ ಕೆಟ್ಟರೆ ಕಾರಣಗಳು ನಾಲ್ಕಾರು. ಮೊದಲು ಬೇರ್ಪಡಿಸಬೇಕಾದದ್ದು, ಬೂಟ್ ಆಗುವಾಗಲೇ ಹ್ಯಾಂಗ್ ಆಗುತ್ತದೋ ಅಥವಾ ನಿರ್ದಿಷ್ಟ ಪ್ರೋಗ್ರಾಂ ಓಡಿಸಿದಾಗ ಮಾತ್ರವೋ ಎಂಬುದು.

ಬೂಟ್‌ನಲ್ಲೇ, ಇಲ್ಲವೇ ಬೂಟ್ ಆದ ಸ್ವಲ್ಪ ಹೊತ್ತಿಗೆ ಏನೇನೋ ಆದರೆ ಅದು ಮೇಲಿನ ಮೆಮೊರಿಯ ಜಾಗದ ಜಗಳ. 640 ಕೆಬಿಯಿಂದ 1 ಎಂಬಿವರೆಗಿನ ಪ್ರದೇಶದಲ್ಲಿ ವಿಡಿಯೊ ಮೆಮೊರಿ, ಸಿ000ದಿಂದ ಸಿ7ಎಫ್‌ಎಫ್‌ವರೆಗೆ ಸಾಮಾನ್ಯವಾಗಿ ವಿಜಿಎ ಬಯಾಸ್, ಎಫ್000ದಿಂದ ಯಂತ್ರದ ಬಯಾಸ್ ಇರುತ್ತವೆ. ನಡುವಿನ ಖಾಲಿ ಜಾಗಗಳಿಗೆ ಇಎಂಎಂ386 ರ‍್ಯಾಮ್ ಜೋಡಿಸುತ್ತದೆ. ನೆಟ್‌ವರ್ಕ್ ಕಾರ್ಡಿನ ಹಂಚಿಕೆಯ ಮೆಮೊರಿ ಬೂಟ್ ಹೊತ್ತಿಗೆ ನಿದ್ದೆಯಲ್ಲಿದ್ದರೆ ಇಎಂಎಂ386ಕ್ಕೆ ಅದು ಖಾಲಿ ಎಂದೇ ಕಾಣುತ್ತದೆ. ಆಮೇಲೆ ಕಾರ್ಡ್ ಎದ್ದು ತನ್ನ ಜಾಗ ಕೇಳುತ್ತದೆ.

ಪತ್ತೆ ಹೀಗೆ. ಇಎಂಎಂ386 ಸಾಲಿಗೆ ‘ನೋಇಎಂಎಸ್ ಎಕ್ಸ್=ಎ000-ಎಫ್‌ಎಫ್‌ಎಫ್‌ಎಫ್’ ಸೇರಿಸಿ. ಇಡೀ ಪ್ರದೇಶವನ್ನು ಮುಟ್ಟಬೇಡ ಎಂದು ಹೇಳಿದ ಹಾಗೆ. ತಕರಾರು ಹೋದರೆ ಜಾಗದ ಜಗಳವೇ ಸರಿ. ಈಗ ಪ್ರದೇಶವನ್ನು ಅರ್ಧ ಮಾಡಿ: ‘ಎಕ್ಸ್=ಸಿ800-ಡಿಎಫ್‌ಎಫ್‌ಎಫ್’. ಇನ್ನೂ ಸರಿಯಿದ್ದರೆ ಅದರಲ್ಲೂ ಅರ್ಧ. ಹೀಗೆ ಕಡಿಮೆ ಮಾಡುತ್ತಾ ಹೋದರೆ ಕೊನೆಗೆ ‘ಎಕ್ಸ್=ಡಿ000-ಡಿ3ಎಫ್‌ಎಫ್’ ಎಂಬಂಥ 16 ಕೆಬಿಯ ತುಂಡು ಉಳಿಯುತ್ತದೆ. ಅಷ್ಟನ್ನು ಮಾತ್ರ ಬಿಟ್ಟುಕೊಟ್ಟರೆ ಸಾಕು. ‘ಹೈಸ್ಕ್ಯಾನ್’ ಆಯ್ಕೆಯಿಂದ ಒಂದಿಷ್ಟು ಕೆಬಿ ಹೆಚ್ಚು ಸಿಗಬಹುದು, ಕೆಲವು ಬೋರ್ಡ್‌ಗಳಲ್ಲಿ ಯಂತ್ರವನ್ನೇ ನಿಲ್ಲಿಸುತ್ತದೆ. ಲಾಭಕ್ಕಿಂತ ತಲೆನೋವು ಜಾಸ್ತಿ.

ನಿರ್ದಿಷ್ಟ ಪ್ರೋಗ್ರಾಮಿನಲ್ಲಿ ಮಾತ್ರ ಬರುವ ತಕರಾರಿಗೆ ಇಎಂಎಂ386 ಕೊಡುವ ದೋಷ ಸಂಖ್ಯೆ ನೋಡಿ. 06 ಎಂದರೆ ಪ್ರೊಸೆಸರ್‌ಗೆ ಅರ್ಥವಾಗದ ಆಜ್ಞೆ. ಪ್ರೋಗ್ರಾಂ ದಾರಿ ತಪ್ಪಿ ದತ್ತಾಂಶವನ್ನೇ ಆಜ್ಞೆಯೆಂದು ಓದಿರುವ ಸಾಧ್ಯತೆ ಹೆಚ್ಚು, ಹಾಗಾಗಿ ಮೇಲಿನ ಜಾಗದ ಜಗಳವನ್ನು ಇನ್ನೊಮ್ಮೆ ಪರೀಕ್ಷಿಸಿ. 13 ಎಂದರೆ ಹಕ್ಕು ಮೀರಿದ ಕೆಲಸ. ವಿ86ನಲ್ಲಿ ಡಾಸ್ ಪ್ರೋಗ್ರಾಂಗಳು ಅತ್ಯಂತ ಕೆಳಗಿನ ಹಕ್ಕಿನಲ್ಲಿ, ಮೂರನೆಯ ರಿಂಗ್‌ನಲ್ಲಿ, ಓಡುತ್ತವೆ. ನಿಯಂತ್ರಣ ರಿಜಿಸ್ಟರ್‌ಗೆ ಕೈ ಹಾಕಿದರೆ ಮೇಲ್ವಿಚಾರಕ ಕೈ ಹಿಡಿಯುತ್ತಾನೆ.

ಹಾಗೆ ಕೈ ಹಾಕುವವರು ಯಾರು? ತಾವೇ ಪ್ರೊಟೆಕ್ಟೆಡ್ ಮೋಡ್‌ಗೆ ಹೋಗಬಯಸುವ ಪ್ರೋಗ್ರಾಂಗಳು. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲವಲ್ಲ. ಇಎಂಎಂ386 ಆಗಲೇ ಆ ಜಾಗದಲ್ಲಿದೆ. ಇದಕ್ಕೆಂದೇ ರಾಜಿಸೂತ್ರಗಳು ಹುಟ್ಟಿದವು. ವಿಸಿಪಿಐ ಎಂಬುದು ಇಎಂಎಂ386 ತಾತ್ಕಾಲಿಕವಾಗಿ ಕುರ್ಚಿ ಬಿಟ್ಟುಕೊಡುವ ಏರ್ಪಾಡು. ಡಿಪಿಎಂಐ ಎಂಬುದು ಕುರ್ಚಿ ಬಿಡದೆ ಕೆಲಸ ಮಾಡಿಕೊಡುವ ಏರ್ಪಾಡು. 1990ರ ವಿಂಡೋಸ್ 3.0 ಜೊತೆ ಬಂತು. ವಿಂಡೋಸ್ ಎನ್‌ಹ್ಯಾನ್ಸ್‌ಡ್ ಮೋಡ್‌ನ ಡಾಸ್ ಕಿಟಕಿಯಲ್ಲಿ ಡಿಪಿಎಂಐ ಸಿಗುತ್ತದೆ, ವಿಸಿಪಿಐ ಸಿಗುವುದಿಲ್ಲ. ಅದಕ್ಕೇ ಬರೀ ಡಾಸ್‌ನಲ್ಲಿ ಓಡುವ ಕೆಲವು ಪ್ರೋಗ್ರಾಂಗಳು ವಿಂಡೋಸ್ ಒಳಗೆ ಓಡುವುದಿಲ್ಲ. ಪ್ರೊಟೆಕ್ಟೆಡ್ ಮೋಡ್‌ಗೆ ಒಯ್ಯುವ ಡಾಸ್/4ಜಿಡಬ್ಲ್ಯು ಎಂಬ ಸಾಧನ ಬಳಸುವವು ಎರಡನ್ನೂ ಬಲ್ಲವು, ಹಾಗಾಗಿ ಹೆಚ್ಚಾಗಿ ಕಾಡುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಇಎಂಎಸ್ ಬೇಡವೆಂದು ‘ನೋಇಎಂಎಸ್’ ಕೊಟ್ಟಾಗ ಇಎಂಎಂ386 ತನ್ನ ಸಾಧನದ ಹೆಸರನ್ನೇ ಬದಲಿಸಿಕೊಳ್ಳುತ್ತದೆ. ಆ ಹೆಸರು ಹುಡುಕಿಯೇ ವಿಸಿಪಿಐ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಹಳೆಯ ಪ್ರೋಗ್ರಾಂಗಳು, ಇಲ್ಲವೆಂದು ತಿಳಿದು ನಿಂತುಬಿಡುತ್ತವೆ. ‘ನೋಇಎಂಎಸ್’ ತೆಗೆದು ‘ರ‍್ಯಾಮ್ ಫ್ರೇಮ್=ನನ್’ ಹಾಕಿ. ಇಎಂಎಸ್ ಕಿಟಕಿಗೆ ಹೋಗುವ 64 ಕೆಬಿಯ ಪೇಜ್ ಫ್ರೇಮ್ ಜಾಗವೂ ಉಳಿಯಿತು, ಹೆಸರೂ ಉಳಿಯಿತು.

ಯಾವ ರಾಜಿಗೂ ಬಗ್ಗದ ಇನ್ನೊಂದು ಗುಂಪು ಉಂಟು: ಅನ್‌ರಿಯಲ್ ಮೋಡ್ ಬಳಸುವವು. ಒಂದು ಕ್ಷಣ ಪ್ರೊಟೆಕ್ಟೆಡ್ ಮೋಡ್‌ಗೆ ಹೋಗಿ, ಸೆಗ್ಮೆಂಟಿನ ಮಿತಿಯನ್ನು 64 ಕೆಬಿಯಿಂದ 4 ಜಿಬಿಗೆ ಏರಿಸಿ, ರಿಯಲ್ ಮೋಡ್‌ಗೆ ವಾಪಸ್ ಬರುತ್ತವೆ. ಪ್ರೊಸೆಸರ್ ಆ ಮಿತಿಯನ್ನು ಮರೆಯುವುದಿಲ್ಲ, ಹಾಗಾಗಿ ಇಡೀ ಮೆಮೊರಿ ಕೈಗೆಟುಕುತ್ತದೆ. ಜಾಣತನದ ಕೆಲಸವೇ, ಆದರೆ ವಿ86ನಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ಮಿತಿ 64 ಕೆಬಿಗೆ ಕಟ್ಟಿಹಾಕಿದ್ದು. 1992ರ ಅಲ್ಟಿಮಾ 7 ಆಟ ಇದಕ್ಕೆ ಹೆಸರುವಾಸಿ ಉದಾಹರಣೆ: ಇಎಂಎಂ386 ಇದ್ದರೆ ಓಡುವುದಿಲ್ಲ, ಆದರೆ ಕೆಳಗಿನ 640 ಕೆಬಿಯಲ್ಲಿ ಜಾಗ ಧಾರಾಳವಾಗಿ ಬೇಕು. ಇಎಂಎಂ386 ಇಲ್ಲದೆ ಯುಎಂಬಿ ಇಲ್ಲ, ಯುಎಂಬಿ ಇಲ್ಲದೆ ಕೆಳಗೆ ಜಾಗ ಇಲ್ಲ. ಪಿಸಿಐ ಸ್ಲಾಟ್ ಇರುವ ಬೋರ್ಡ್ ಆದರೆ ಯುಎಂಬಿಪಿಸಿಐ.ಸಿಸ್ ಎಂಬ ಡ್ರೈವರ್ ಇದೆ. ಅದು ಬೋರ್ಡ್‌ನ ಚಿಪ್‌ಸೆಟ್‌ಗೇ ಹೇಳಿ ಮೇಲಿನ ಪ್ರದೇಶದ ರ‍್ಯಾಮನ್ನು ತೆರೆಸುತ್ತದೆ, ವಿ86ಗೆ ಹೋಗದೆಯೇ. ಹೈಮೆಮ್ ಆದ ಮೇಲೆ ಅದರ ಸಾಲು, ಆಮೇಲೆ ‘ಡಾಸ್=ಹೈ,ಯುಎಂಬಿ’. ಕೆಲವು ಚಿಪ್‌ಸೆಟ್‌ಗಳಲ್ಲಿ ಹಾಗೆ ಸಿಕ್ಕ ಜಾಗಕ್ಕೆ ಡಿಎಂಎ ಬರೆಯಲಾರದು. ಡಿಸ್ಕ್ ಕ್ಯಾಶೆಯಂಥವನ್ನು ಅಲ್ಲಿಗೆ ಹಾಕಬೇಡಿ. 386, 486ರ ಐಎಸ್‌ಎ ಬೋರ್ಡಿನಲ್ಲಾದರೆ ಉಳಿತಾಯವೇ ದಾರಿ: ಚಿಕ್ಕ ಮೌಸ್ ಡ್ರೈವರ್, ಬೇಡದ ಸಿಡಿ ಡ್ರೈವರ್‌ಗೆ ರಜೆ.

ಡಿಎಂಎ: ವಿಳಾಸ ಒಂದು, ಮನೆ ಇನ್ನೊಂದು

ವಿ86ನಲ್ಲಿ ಪುಟಗಳ ಅದಲುಬದಲು ನಡೆದಿರುತ್ತದೆ. ಡ್ರೈವರ್ ತನ್ನ ಬಫರ್ ಡಿ800ದಲ್ಲಿದೆ ಎಂದುಕೊಂಡಿದೆ. ನಿಜವಾದ ರ‍್ಯಾಮ್ ನಾಲ್ಕನೇ ಎಂಬಿಯಲ್ಲೆಲ್ಲೋ ಇದೆ. ಪ್ರೊಸೆಸರ್ ಓದಿದರೆ ತರ್ಜುಮೆಯಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ. ಡಿಎಂಎ ಹಾಗಲ್ಲ, ಕೊಟ್ಟ ವಿಳಾಸಕ್ಕೆ ನೇರ ನುಗ್ಗುತ್ತದೆ. ಬೋರ್ಡ್‌ನ ಡಿಎಂಎ ಚಿಪ್‌ಗೆ ಹೋಗುವ ಆದೇಶಗಳನ್ನು ಇಎಂಎಂ386 ನಡುವೆ ಹಿಡಿದು ತಿದ್ದಬಲ್ಲದು. ದೊಡ್ಡ ವರ್ಗಾವಣೆಯಾದರೆ ಅದಕ್ಕೆ ಬಫರ್ ಸಾಲದು; ‘ಡಿ=64’ ಎಂದು 64 ಕೆಬಿ ಕೊಡಿ. 16ರಿಂದ 256ರವರೆಗೆ ಕೊಡಬಹುದು.

ಬಸ್ ಮಾಸ್ಟರ್ ಮಾಡುವ ಸ್ಕಸಿ ಕಾರ್ಡ್‌ಗಳು, ಉದಾಹರಣೆಗೆ ಅಡಾಪ್ಟೆಕ್ 1542, ತಮ್ಮದೇ ಡಿಎಂಎ ನಡೆಸುತ್ತವೆ, ಇಎಂಎಂ386ರ ಕಣ್ಣಿಗೆ ಬೀಳುವುದಿಲ್ಲ. ಫಲ ಹ್ಯಾಂಗ್ ಆದರೆ ಪುಣ್ಯ. ಡಿಸ್ಕ್ ಮೇಲೆ ಕಸ ಬರೆದರೆ ಗೊತ್ತಾಗುವ ಹೊತ್ತಿಗೆ ಫೈಲುಗಳು ಹೋಗಿರುತ್ತವೆ. ಕಾನ್ಫಿಗ್.ಸಿಸ್‌ನಲ್ಲಿ ‘ಡಿವೈಸ್=ಸಿ:\ಡಾಸ್\ಸ್ಮಾರ್ಟ್‌ಡಿಆರ್‌ವಿ.ಇಎಕ್ಸ್‌ಇ /ಡಬಲ್_ಬಫರ್’ ಸಾಲು ಹಾಕಿ. ಇದಕ್ಕೆ ಡಿವೈಸ್‌ಹೈ ಬಳಸಬೇಡಿ. ಬೂಟ್ ಆದ ಮೇಲೆ ಸ್ಮಾರ್ಟ್‌ಡಿಆರ್‌ವಿ ಎಂದಷ್ಟೇ ಒತ್ತಿದರೆ ಪಟ್ಟಿ ಬರುತ್ತದೆ. ಬಫರಿಂಗ್ ಕಾಲಂನಲ್ಲಿ ಎಲ್ಲ ಡ್ರೈವ್‌ಗೂ ನೋ ಎಂದಿದ್ದರೆ ನಿಮಗೆ ಆ ಸಾಲು ಬೇಕಿಲ್ಲ, ತೆಗೆಯಿರಿ.

ಪಿಸಿಐ ಸೌಂಡ್ ಕಾರ್ಡ್‌ಗಳ ಸೌಂಡ್ ಬ್ಲಾಸ್ಟರ್ ಅನುಕರಣೆಯೂ ಇದೇ ಊರಿನದು. ಅವುಗಳಲ್ಲಿ ಹಲವು ಇಎಂಎಂ386 ಇಲ್ಲದೆ ಶುರುವೇ ಆಗುವುದಿಲ್ಲ, ಏಕೆಂದರೆ ಆಟ 220 ಪೋರ್ಟ್‌ಗೆ ಬರೆಯುವುದನ್ನು ಹಿಡಿಯಲು ವಿ86ರ ಕಾವಲು ಬೇಕು. ಆಟ ಪ್ರೊಟೆಕ್ಟೆಡ್ ಮೋಡ್‌ಗೆ ಹಾರಿದ ಕೂಡಲೇ ಕಾವಲು ತಪ್ಪಿ ಸದ್ದು ನಿಲ್ಲಬಹುದು. ಇದಕ್ಕೆ ಅಡ್ಡದಾರಿ ಹುಡುಕಿ ಸಂಜೆಗಳನ್ನು ಕಳೆಯುವುದಕ್ಕಿಂತ ಒಂದು ಐಎಸ್‌ಎ ಕಾರ್ಡ್ ಹಾಕುವುದು ವಾಸಿ.

ಮೂರು ಬಾಗಿಲ ಬೂಟ್ ಮೆನು

ಎಲ್ಲ ಪ್ರೋಗ್ರಾಂಗಳಿಗೂ ಹೊಂದುವ ಒಂದೇ ಕಾನ್ಫಿಗ್.ಸಿಸ್ ಇಲ್ಲ, ಹುಡುಕಬೇಡಿ. ಡಾಸ್ 6ರಲ್ಲಿ ಮೆನು ಮಾಡಿಕೊಳ್ಳಿ. ಹಳೆಯ ಫೈಲನ್ನು ಕಾನ್ಫಿಗ್.ಓಲ್ಡ್ ಎಂದು ನಕಲು ಮಾಡಿಟ್ಟು, ಹೊಸದನ್ನು ಹೀಗೆ ಬರೆಯಿರಿ:

[ಮೆನು]
ಮೆನುಐಟಂ=ಬರಿ
ಮೆನುಐಟಂ=ಇಎಂಎಸ್
ಮೆನುಐಟಂ=ಯುಎಂಬಿ
ಮೆನುಡಿಫಾಲ್ಟ್=ಯುಎಂಬಿ,10
[ಕಾಮನ್]
ಡಿವೈಸ್=ಸಿ:\ಡಾಸ್\ಹೈಮೆಮ್.ಸಿಸ್
ಫೈಲ್ಸ್=30
[ಬರಿ]
ಡಾಸ್=ಹೈ
[ಇಎಂಎಸ್]
ಡಿವೈಸ್=ಸಿ:\ಡಾಸ್\ಇಎಂಎಂ386.ಇಎಕ್ಸ್‌ಇ ರ‍್ಯಾಮ್ ಡಿ=64
ಡಾಸ್=ಹೈ,ಯುಎಂಬಿ
[ಯುಎಂಬಿ]
ಡಿವೈಸ್=ಸಿ:\ಡಾಸ್\ಇಎಂಎಂ386.ಇಎಕ್ಸ್‌ಇ ನೋಇಎಂಎಸ್ ಡಿ=64
ಡಾಸ್=ಹೈ,ಯುಎಂಬಿ
[ಕಾಮನ್]

ಕೊನೆಯ ಖಾಲಿ [ಕಾಮನ್] ಮರೆತು ಬರೆದದ್ದಲ್ಲ. ಹೊಸ ಪ್ರೋಗ್ರಾಂ ಇನ್‌ಸ್ಟಾಲ್ ಆಗುವಾಗ ತನ್ನ ಸಾಲನ್ನು ಫೈಲಿನ ತುದಿಗೆ ಅಂಟಿಸುತ್ತದೆ. ಅದು ಒಂದೇ ಬ್ಲಾಕ್‌ಗೆ ಸೇರಿಹೋಗದಿರಲಿ ಎಂದು. ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ‘ಗೋಟು %ಕಾನ್ಫಿಗ್%’ ಬರೆದು, ಇದೇ ಹೆಸರಿನ ಲೇಬಲ್‌ಗಳ ಕೆಳಗೆ ಆಯಾ ಡ್ರೈವರ್‌ಗಳನ್ನು ಹಂಚಿ.

ವಿಂಡೋಸ್ 3ರ ಮೋಡ್‌ಗಳು

ವಿಂಡೋಸ್ 3.0ಕ್ಕೂ ಮೂರು ಮೋಡ್. ‘ವಿನ್ /ಆರ್’ ರಿಯಲ್, ‘ವಿನ್ /ಎಸ್’ 286ಕ್ಕೆ ತಕ್ಕ ಸ್ಟ್ಯಾಂಡರ್ಡ್, ‘ವಿನ್ /3’ 386 ಎನ್‌ಹ್ಯಾನ್ಸ್‌ಡ್. ವಿಂಡೋಸ್ 2ರ ಕಾಲದ ಪ್ರೋಗ್ರಾಂ ತೆರೆದಾಗ ಇದು ಹಳೆಯ ಆವೃತ್ತಿಗೆ ಮಾಡಿದ್ದು ಎಂದು ಎಚ್ಚರಿಸಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಸೆಗ್ಮೆಂಟ್ ಸಂಖ್ಯೆಗಳನ್ನು ಕೂಡಿ ಕಳೆಯುವ ಅಭ್ಯಾಸ ಅವುಗಳದ್ದು. ಪ್ರೊಟೆಕ್ಟೆಡ್ ಮೋಡ್‌ನಲ್ಲಿ ಅದು ಅರ್ಥವಿಲ್ಲದ ಲೆಕ್ಕ. ‘/ಆರ್’ನಲ್ಲಿ ಓಡಿಸಿ. 1992ರ ವಿಂಡೋಸ್ 3.1ರಲ್ಲಿ ರಿಯಲ್ ಮೋಡ್ ತೆಗೆದುಹಾಕಿದರು, ಹಾಗಾಗಿ ಅಂಥ ಪ್ರೋಗ್ರಾಂಗಳಿಗಾಗಿ 3.0 ಇಟ್ಟುಕೊಳ್ಳಬೇಕು.

3.1 ಎನ್‌ಹ್ಯಾನ್ಸ್‌ಡ್‌ನಲ್ಲಿ ಲೋಗೋ ತೋರಿಸಿ ಡಾಸ್‌ಗೆ ಬಿದ್ದರೆ ‘ವಿನ್ /ಡಿ:ಎಕ್ಸ್’ ಪ್ರಯತ್ನಿಸಿ. ಆಗ ಸರಿಯಾದರೆ ಮತ್ತೆ ಅದೇ ಮೇಲಿನ ಜಾಗದ ಜಗಳ, ಸಿಸ್ಟಂ.ಐಎನ್‌ಐ ಫೈಲಿನ [386ಎನ್‌ಹ್] ಭಾಗದಲ್ಲಿ ‘ಇಎಂಎಂಎಕ್ಸ್‌ಕ್ಲೂಡ್=ಡಿ000-ಡಿ3ಎಫ್‌ಎಫ್’ ಹಾಕಿ. ‘ವಿನ್ /ಡಿ:ಎಫ್’ನಲ್ಲಿ ಸರಿಯಾದರೆ 32 ಬಿಟ್ ಡಿಸ್ಕ್ ಆಕ್ಸೆಸ್ ಆಫ್ ಮಾಡಿ.

ಚಿಪ್ಪಿನ ಮೇಲೆ ಬರೆದದ್ದನ್ನು ಓದಿ

ಮುಚ್ಚಳ ತೆಗೆದಾಗ 386ರ ಮೇಲ್ಮೈ ನೋಡಿ. 1987ರ ಆಸುಪಾಸಿನ ಕೆಲವು ಚಿಪ್‌ಗಳಲ್ಲಿ 32 ಬಿಟ್ ಗುಣಾಕಾರ ಒಮ್ಮೊಮ್ಮೆ ತಪ್ಪು ಉತ್ತರ ಕೊಡುತ್ತಿತ್ತು. ಇಂಟೆಲ್ ಅವುಗಳ ಮೇಲೆ ‘16 ಬಿಟ್ ಎಸ್/ಡಬ್ಲ್ಯು ಓನ್ಲಿ’ ಎಂದು ಮುದ್ರೆ ಹೊಡೆಯಿತು. ಪರೀಕ್ಷೆಯಲ್ಲಿ ಗೆದ್ದವಕ್ಕೆ ಎರಡು ಸಿಗ್ಮಾ ಗುರುತು. ಮೊದಲ ಬಗೆಯದಿದ್ದರೆ ರಿಯಲ್ ಮೋಡ್ ಡಾಸ್‌ಗೆ ತೊಂದರೆಯಿಲ್ಲ, 32 ಬಿಟ್ ಪ್ರೋಗ್ರಾಂಗಳನ್ನು ನಂಬಬೇಡಿ.

286 ಆದರೆ ಇಎಂಎಂ386 ಎಂಬ ಮಾತೇ ಇಲ್ಲ, ವಿ86 ಅದರಲ್ಲಿಲ್ಲ. ಇಎಂಎಸ್ ಬೇಕಿದ್ದರೆ ಅದಕ್ಕೆಂದೇ ಮಾಡಿದ ಕಾರ್ಡ್ ಬೇಕು. ಪ್ರೊಟೆಕ್ಟೆಡ್ ಮೋಡ್‌ಗೆ ಹೋದ 286ಕ್ಕೆ ವಾಪಸ್ ಬರುವ ಆಜ್ಞೆಯೂ ಇಲ್ಲ. ಕೀಬೋರ್ಡ್ ಚಿಪ್‌ಗೆ ಹೇಳಿ ಪ್ರೊಸೆಸರನ್ನೇ ರಿಸೆಟ್ ಮಾಡಿಸಿಕೊಂಡು, ಸಿಮಾಸ್‌ನಲ್ಲಿ ಬರೆದಿಟ್ಟ ಗುರುತು ನೋಡಿ ಬಯಾಸ್ ಅದನ್ನು ಬಿಟ್ಟ ಜಾಗಕ್ಕೆ ತಲುಪಿಸಬೇಕು. ಸುತ್ತು ದಾರಿ ಆದ್ದರಿಂದ ನಿಧಾನ. ಇದರ ನಡುವೆ ಸೀರಿಯಲ್ ಪೋರ್ಟ್‌ನ ಅಕ್ಷರಗಳು ಕಳೆದುಹೋಗುವುದುಂಟು.

ಇನ್ನು ಮೋಡ್‌ಗೆ ಸಂಬಂಧವಿಲ್ಲದೆಯೂ ಮೋಡ್ ಮೇಲೆ ಆಪಾದನೆ ಬರುವ ಒಂದು ದೋಷ: ‘ರನ್‌ಟೈಮ್ ಎರರ್ 200’. ಬೋರ್ಲ್ಯಾಂಡ್ ಪ್ಯಾಸ್ಕಲ್ 7ರ ಸಿಆರ್‌ಟಿ ಯುನಿಟ್ 55 ಮಿಲಿಸೆಕೆಂಡಿನ ಒಂದು ಟಿಕ್‌ನಲ್ಲಿ ಎಷ್ಟು ಸುತ್ತು ಎಣಿಸಬಹುದೆಂದು ನೋಡಿ 55ರಿಂದ ಭಾಗಿಸುತ್ತದೆ. ಉತ್ತರ 65,535 ಮೀರಿದರೆ 16 ಬಿಟ್‌ನಲ್ಲಿ ಹಿಡಿಸದೆ ಭಾಗಾಕಾರ ಮುರಿಯುತ್ತದೆ. ಸುಮಾರು 200 ಮೆಗಾಹರ್ಟ್ಸ್ ದಾಟಿದ ಪ್ರೊಸೆಸರ್‌ಗಳಲ್ಲಿ ಇದು ಮಾಮೂಲು. ಬಯಾಸ್‌ನಲ್ಲಿ ಎಲ್1 ಕ್ಯಾಶೆ ಆಫ್ ಮಾಡಿದರೆ ಯಂತ್ರ ಸಾಕಷ್ಟು ನಿಧಾನವಾಗಿ ಪ್ರೋಗ್ರಾಂ ಓಡುತ್ತದೆ.

32, 64 ಮತ್ತು ನಡುವಿನವು

2003ರಲ್ಲಿ ಎಎಂಡಿ ತಂದ 64 ಬಿಟ್ ಲಾಂಗ್ ಮೋಡ್‌ನಲ್ಲಿ ವಿ86 ಇಲ್ಲ. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಂಗಳು ಓಡದಿರಲು ಮೂಲ ಕಾರಣ ಇದು. ಯಾವ ಕಂಪ್ಯಾಟಿಬಿಲಿಟಿ ಟಿಕ್ ಹಾಕಿದರೂ ಬದಲಾಗದು. 16 ಬಿಟ್ ವಿಂಡೋಸ್ ಪ್ರೋಗ್ರಾಂಗಳ ಕತೆ ಬೇರೆ: ಲಾಂಗ್ ಮೋಡ್‌ನೊಳಗೂ 16 ಬಿಟ್ ಪ್ರೊಟೆಕ್ಟೆಡ್ ಕೋಡ್ ಓಡಬಲ್ಲದು, ಮೈಕ್ರೋಸಾಫ್ಟ್ ಬೆಂಬಲ ತೆಗೆದದ್ದು ತನ್ನ ಆಯ್ಕೆಯಿಂದ. ಹಾಗಾಗಿ 64 ಬಿಟ್ ಲಿನಕ್ಸ್‌ನಲ್ಲಿ, ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್ ಎಂಬ ಸಾಧನ ಅವನ್ನು ಓಡಿಸಬಲ್ಲದು. ಡಾಸ್‌ಗೆ ಡಾಸ್‌ಬಾಕ್ಸ್ ಬಳಸಿ. ಅದು ಪ್ರೊಸೆಸರನ್ನೇ ಅನುಕರಿಸುವುದರಿಂದ ಕೆಳಗಿನ ಮೋಡ್ ಲೆಕ್ಕಕ್ಕಿಲ್ಲ. ಅದರಲ್ಲೂ ಪ್ಯಾಕ್ಡ್ ಫೈಲ್ ದೋಷ ಬರುತ್ತದೆ, ಅದರಲ್ಲೂ ಲೋಡ್‌ಫಿಕ್ಸ್ ಇದೆ. ನಿಜವಾದ ಯಂತ್ರದಲ್ಲೇ ಬೇಕೆಂದರೆ 32 ಬಿಟ್ ವಿಂಡೋಸ್ 10 ಕೊನೆಯದು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ.

ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕುವವರು ಮೊದಲು /ಪ್ರೊಕ್/ಸಿಪಿಯುಇನ್ಫೊ ಫೈಲಿನ ಫ್ಲ್ಯಾಗ್ಸ್ ಸಾಲು ಓದಿ. ಅದರಲ್ಲಿ ‘ಎಲ್‌ಎಂ’ (ಲಾಂಗ್ ಮೋಡ್) ಇದ್ದರೆ 64 ಬಿಟ್ ಹಾಕಬಹುದು. ಇಲ್ಲದಿದ್ದರೆ 32 ಬಿಟ್ಟೇ ಗತಿ, ಅದಕ್ಕೂ ‘ಪಿಎಇ’ (32 ಬಿಟ್‌ನಲ್ಲೇ 4 ಜಿಬಿಗಿಂತ ಹೆಚ್ಚು ಮೆಮೊರಿ ಮುಟ್ಟುವ ಸೌಲಭ್ಯ) ಕೇಳುವ ಕರ್ನಲ್‌ಗಳಿವೆ. 400 ಮೆಗಾಹರ್ಟ್ಸ್ ಬಸ್‌ನ ಪೆಂಟಿಯಂ ಎಂ ಪ್ರೊಸೆಸರ್‌ಗಳಿಗೆ ಪಿಎಇ ಗೊತ್ತು, ಆದರೆ ಗೊತ್ತೆಂದು ಹೇಳುವುದಿಲ್ಲ. ಬೂಟ್ ಸಾಲಿಗೆ ‘ಫೋರ್ಸ್‌ಪಿಎಇ’ ಸೇರಿಸಿದರೆ ಕರ್ನಲ್ ಕೇಳದೆ ಮುಂದುವರಿಯುತ್ತದೆ. 2025ರ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಅಂಥ ಯಂತ್ರಕ್ಕೆ 12 ಹಾಕಿ.

‘ಎಲ್‌ಎಂ’ ಇದ್ದೂ 64 ಬಿಟ್ ಯುಎಸ್‌ಬಿ ಬೂಟ್ ಆಗದಿದ್ದರೆ ಫರ್ಮ್‌ವೇರ್ 32 ಬಿಟ್ ಇರಬಹುದು. 2006ರ ಕೆಲವು ಇಂಟೆಲ್ ಮ್ಯಾಕ್‌ಗಳು, ಬೇ ಟ್ರೇಲ್ ಆಟಂನ ಟ್ಯಾಬ್ಲೆಟ್‌ಗಳಲ್ಲಿ ಹೀಗೆ: ಪ್ರೊಸೆಸರ್ 64, ಇಎಫ್‌ಐ (ಬಯಾಸ್ ಜಾಗಕ್ಕೆ ಬಂದ ಫರ್ಮ್‌ವೇರ್) 32. ಅದು ಯುಎಸ್‌ಬಿಯ \ಇಎಫ್‌ಐ\ಬೂಟ್ ಫೋಲ್ಡರಿನಲ್ಲಿ ಬೂಟ್ಎಕ್ಸ್64.ಇಎಫ್‌ಐ ಇದ್ದರೂ ನೋಡುವುದಿಲ್ಲ, ಬೂಟ್ಐಎ32.ಇಎಫ್‌ಐ ಹುಡುಕುತ್ತದೆ. ಈ ಎರಡನೆಯ ಫೈಲೂ ಇರುವ ಇನ್‌ಸ್ಟಾಲರ್ ಆರಿಸಿ. ಲಿನಕ್ಸ್ ಇಎಫ್‌ಐ ಮೂಲಕವೇ ಬೂಟ್ ಆದ ಮೇಲೆ /ಸಿಸ್/ಫರ್ಮ್‌ವೇರ್/ಇಎಫ್‌ಐ/ಎಫ್‌ಡಬ್ಲ್ಯು_ಪ್ಲಾಟ್‌ಫಾರ್ಮ್_ಸೈಜ್ ಫೈಲನ್ನು ತೆರೆದರೆ ಒಳಗೆ ಒಂದೇ ಸಂಖ್ಯೆ ಇರುತ್ತದೆ, 32 ಅಥವಾ 64. 32 ಎಂದಿದ್ದರೆ ಗ್ರಬ್ ಬೂಟ್‌ಲೋಡರನ್ನೂ 32 ಬಿಟ್ ಇಎಫ್‌ಐ ಆವೃತ್ತಿಯದ್ದೇ ಹಾಕಿಸಿ, ಇಲ್ಲವಾದರೆ ಇನ್‌ಸ್ಟಾಲ್ ಪೂರ್ತಿ ಮುಗಿದು ಮೊದಲ ರೀಬೂಟ್‌ನಲ್ಲೇ ಖಾಲಿ ಪರದೆ ಎದುರಾಗುತ್ತದೆ.